ಮೊದಲ ಗ್ಲಾಸು

"ಯಾಕ್ರೋ, ಯಾರರ ಹಾಕ್ರಿ" ಎಂದು ಗಾರೆ ಕೆಲಸದವರನ್ನು ದುಡಿಸುವ ಮುಕಾದಮ ಕಾಶಿನಾಥ ಮೂರನೆಯ ಸಲ ಹೇಳಿದರೂ ಒಬ್ಬರೂ ಬಾಟಲಿ ಮುಟ್ಟಲಿಲ್ಲ. ಕುರ್ಲಾದ ಆ ಹಳೇ ದೇಶಿ ದಾರು ಬಾರಿನಲ್ಲಿ ದುಡಿಯಲು ಇಲ್ಲಿಗೆ ಬಂದ ಅವರ ಇಡೀ ಊರು ಅಜ್ಜಂದಿರ ಕಾಲದಿಂದ ಕೂಡುತ್ತಿತ್ತು. ಕೆಲಸ, ಸಂಬಂಧ, ನ್ಯಾಯ ಎಲ್ಲವೂ ಅದೇ ಬೆಂಚುಗಳ ಮೇಲೆ ತೀರ್ಮಾನವಾಗುತ್ತಿದ್ದವು. ಮೊದಲ ಗ್ಲಾಸನ್ನು ಮಾತ್ರ ಯಾರೂ ತಾವೇ ಹಾಕಿಕೊಳ್ಳುವಂತಿಲ್ಲ, ಊರವರೇ ಯಾರಾದರೂ ಹಾಕಬೇಕು.

ಬಾಗಿಲಲ್ಲಿ ಬೇಯಿಸಿದ ಮೊಟ್ಟೆ ಮಾರುವ ರುಕ್ಮಿಣಿಬಾಯಿ ಬುಟ್ಟಿ ಕೆಳಗಿಟ್ಟು, ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಆ ಹೊಸ್ತಿಲು ದಾಟಿದಳು. ಇವತ್ತು ಕಾಶಿನಾಥನಿಗೆ ಯಾರೂ ಹಾಕಬೇಡಿ, ನಾನೇ ಹಾಕುತ್ತೇನೆ ಎಂದು ಬೆಳಿಗ್ಗೆಯೇ ಚಾಳಿನ ಮನೆಮನೆಗೂ ಹೋಗಿ ಕೇಳಿಕೊಂಡಿದ್ದಳು. ಜಗ್ಗು ಎತ್ತಿ ಕಾಶಿನಾಥನ ಗ್ಲಾಸಿನ ತುಂಬ ನೀರು ಸುರಿದಳು.

"ಕುಡಿ ಅಣ್ಣಾ. ಇಷ್ಟು ವರ್ಷ ನಿನ್ನ ಬಾಜೂ ಕುಂತು ನನ್ನ ಗಂಡ ಕುಡದದ್ದು ಇದನ್ನ. ಸೇಫ್ಟಿ ಬೆಲ್ಟ್ ಕೊಡದ ಅವನ್ನ ಬಿಲ್ಡಿಂಗ್ ಮ್ಯಾಲ ಏರಿಸಿದಿ. ಅವ ಬಿದ್ದು ಸತ್ತ ಮ್ಯಾಲ, ಕುಡದು ಬಿದ್ದ ಅಂತ ಪೊಲೀಸರ ಮುಂದ ಹೇಳಿದಿ. ನಿನಗೂ ಏರತದೇನು ನೋಡೋಣ."

ಕಾಶಿನಾಥ ಸುತ್ತಲೂ ನೋಡಿದ. ಊರಿಗೆ ಊರೇ ಅವನನ್ನು ದಿಟ್ಟಿಸುತ್ತಿತ್ತು. ಅವನು ಗ್ಲಾಸು ಎತ್ತಿದ. ಕೈ ಕುಡುಕನ ಕೈಯಂತೆ ನಡುಗಿ, ನೀರು ಅಂಗಿಯ ಮೇಲೆಲ್ಲ ಚೆಲ್ಲಿತು.