ಮೋಕ್ಷಿತಾಳ ಮುಡಿ

"ಯಾರು ಕತ್ತರಿಸಿದ್ದು ಹೇಳು. ನಿನಗೇನೂ ಮಾಡಲ್ಲ."

ಬಚ್ಚಲ ಬಾಗಿಲಲ್ಲಿ ನಿಂತ ವನಜಾಕ್ಷಿಯ ಕೈಯಲ್ಲಿ ಮೊಳದುದ್ದದ ಜಡೆ ನೇತಾಡುತ್ತಿತ್ತು. ಎಂಟು ವರ್ಷದ ಮಗಳು ಮೋಕ್ಷಿತಾ ಗೋಡೆಗೆ ಒರಗಿದ್ದಳು. ತಲೆಯೆಲ್ಲ ಕೊಯ್ದ ರಾಗಿ ಹೊಲದ ಕೂಳೆ. ಕಾಲ ಬಳಿ ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ. ಹುಡುಗಿ ಅಳುತ್ತಿರಲಿಲ್ಲ.

ಹನ್ನೊಂದಕ್ಕೆ ಮಧುಗಿರಿಯ ಕಲ್ಯಾಣಮಂಟಪದಲ್ಲಿ ಟಿವಿಯವರ 'ಪುಟಾಣಿ ಸುಂದರಿ' ಆಡಿಷನ್. ಕೊಡಿಗೇನಹಳ್ಳಿಯಿಂದ ಒಂಬತ್ತಕ್ಕೆ ಬಸ್ಸು.

"ನಾನೇ ಕಣಮ್ಮ," ಎಂದಳು ಜಗಲಿಯಲ್ಲಿ ಕೂತಿದ್ದ ಅತ್ತೆ ಜುಂಜಮ್ಮ. "ಮಗೀಗೆ ಕಾಮಾಲೆ ಆದಾಗ ಮುಡಿ ಕೊಡ್ತೀನಿ ಅಂತ ದೇವ್ರಿಗೆ ಹರಕೆ ಹೊತ್ತಿದ್ದೆ. ಕನಸಲ್ಲಿ ಬಂದು ಕೇಳ್ತು, ಕೊಟ್ಬುಟ್ಟೆ."

"ಇವತ್ತೇ ಕೇಳ್ಬೇಕಿತ್ತಾ ನಿಮ್ಮ ದೇವ್ರು?"

"ಅದ್ಕೇನು ಗೊತ್ತು, ನಿನ್ನ ಟಿವಿ ಟೈಮು."

ತಾಯಿಯನ್ನು ಬೈಯಲೆಂದೇ ಎದ್ದು ಬಂದ ವನಜಾಕ್ಷಿಯ ಗಂಡ ಅಂಜಿನಮೂರ್ತಿ, ಹರಕೆ ಎಂದೊಡನೆ ಕೆನ್ನೆ ಕೆನ್ನೆ ತಟ್ಟಿಕೊಂಡು ಹಿಂದಕ್ಕೆ ಸರಿದ. ದೇವರ ಹೆಸರು ಬಂದ ಮೇಲೆ ಆ ಹಟ್ಟಿಯಲ್ಲಿ ಯಾರು ತಾನೆ ಬಾಯಿ ತೆಗೆದಾರು? ಜುಂಜಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಮೂರು ತಿಂಗಳಿಂದ ನಡೆದಿದ್ದ ಆಡಿಷನ್ ತಯಾರಿ ಅವಳಿಂದ ನೋಡಲಾಗುತ್ತಿರಲಿಲ್ಲ. ಹೊಟ್ಟೆ ಮುಂದೆ ಬರುತ್ತದೆಂದು ಮಗುವಿಗೆ ಮುದ್ದೆ ಬಂದ್, ನಾಲ್ಕು ಹೋಳು ಸೌತೆಕಾಯಿ. ಬೆಳ್ಳಗಾಗಲೆಂದು ಬಳಿದ ಕ್ರೀಮಿಗೆ ಕೆನ್ನೆ ಸುಲಿದಿತ್ತು. ಹಲ್ಲು ಬಿದ್ದ ಜಾಗಕ್ಕೆ ಪ್ಲಾಸ್ಟಿಕ್ ಹಲ್ಲು. ಸೊಂಟ ಕುಣಿಸಿ ನಡೆಯುವುದನ್ನು ಸೊಂಟವೇ ಇಲ್ಲದ ಕೂಸಿಗೆ ಕಲಿಸುತ್ತಿದ್ದರು.

"ಸಂತೆಗೆ ಹೊಡ್ಯೋ ಕುರೀಗೂ ಹೊಟ್ಟೆ ತುಂಬ ಮೇವು ಹಾಕ್ತೀವಿ ಕಣಮ್ಮ," ಎಂದು ಒಮ್ಮೆ ಹೇಳಿದ್ದಳು.

"ನಿಮ್ಗೆ ಕುರಿ ಬಿಟ್ರೆ ಇನ್ನೇನು ಗೊತ್ತು ಅತ್ತೆ," ಎಂದಿದ್ದಳು ವನಜಾಕ್ಷಿ.

ನಿಜ. ಟಿವಿಯಲ್ಲಿ ಆ ಕಾರ್ಯಕ್ರಮ ಶುರುವಾದರೆ ಸಾಕು, ಜುಂಜಮ್ಮ ಎದ್ದು ಕುರಿರೊಪ್ಪಕ್ಕೆ ಹೋಗಿಬಿಡುತ್ತಿದ್ದಳು. ಮಗು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿತ್ತು.

ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ವನಜಾಕ್ಷಿ ಮಿನುಗುವ ಗೌನನ್ನು ಮುದುರಿ ಮೂಲೆಗೆಸೆದು, ಕೋಣೆಯ ಬಾಗಿಲು ಹಾಕಿಕೊಂಡಳು.

ಜುಂಜಮ್ಮ ಗೆದ್ದಿದ್ದಳು. ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿಕೊಂಡು ಮೊಮ್ಮಗಳನ್ನು ರೊಪ್ಪದ ಹತ್ತಿರ ಕೂರಿಸಿದಳು. ಕೂಳೆ ತಲೆಯ ಮೇಲೆ ಕೈಯಾಡಿಸಿ ಮೆಲ್ಲಗೆ ಹೇಳಿದಳು.

"ಬೆಳಗಿನ ಜಾವ ನೀನೇ ಕೂದ್ಲು ಕತ್ತರಿಸ್ಕಳ್ತಾ ಇದ್ದುದ್ನ ನಾನು ನೋಡ್ದೆ ಕಣವ್ವ. ಇವ್ರ ಕಾಟ ತಡೀನಾರ್ದೆ ಹಿಂಗೆ ಮಾಡ್ಕಂಡಳಲ್ಲ ಅಂತ ಕರ್ಳು ಚುರ್ ಅಂತು. ಅದ್ಕೇ ಹರಕೆ ಅಂದ್ಬುಟ್ಟೆ. ಇನ್ನು ನಿನ್ನ ಯಾರೂ ಕುಣ್ಸಲ್ಲ. ಉಣ್ಣು, ನನ್ನವ್ವ."

ಮೋಕ್ಷಿತಾ ತಟ್ಟೆಯನ್ನು ತಳ್ಳಿದಳು. ಬೆಳಗಿನಿಂದ ಒಣಗಿದ್ದ ಕಣ್ಣು ಈಗ ತುಂಬಿ ಬಂತು.

"ನಿನ್ನ ಯಾರು ಕೇಳಿದ್ರಜ್ಜಿ? ಹೋದ ವಾರ ಟಿವೀಲಿ ಬೋಳುತಲೆ ಹುಡುಗಿ ಬಂದು ಕ್ಯಾನ್ಸರ್ ಅಂದ್ಳು, ಜಡ್ಜುಗಳೆಲ್ಲ ಅತ್ತು ಅವಳಿಗೇ ಕಿರೀಟ ಹಾಕಿದ್ರು. ನಾನೂ ಹಂಗೇ ಹೇಳಿ ಗೆಲ್ತಿದ್ದೆ."