ಅಪ್ಪನ ಉಸಿರು ಎಣಿಸಿದ ಮಧ್ಯಾಹ್ನ

ರಸ್ತೆಗೆ ಡಾಂಬರು ಕಾಯಿಸುವ ವಾಸನೆ ಬಂದರೆ ಇಂದಿಗೂ ನನ್ನ ಬಾಯಲ್ಲಿ ಒಂದು, ಎರಡು, ಮೂರು ಎಂದು ಎಣಿಕೆ ಶುರುವಾಗಿಬಿಡುತ್ತದೆ.

ಅಪ್ಪ ಕಂಪ್ಲಿಯ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ. ಬಲೆ ತಳದ ಬಂಡೆಗೆ ಸಿಕ್ಕಿಕೊಂಡರೆ ಮುಳುಗಿ ಬಿಡಿಸುತ್ತಿದ್ದ. ಡಾಂಬರು ಬಳಿದ ಹರಿಗೋಲಿನ ಅಂಚು ಹಿಡಿದು, ಅವನು ಮೇಲೆ ಬರುವವರೆಗೆ ಎಣಿಸುವುದು ನನ್ನ ಕೆಲಸ. ನೂರು ದಾಟಿದ ಮೇಲೆಯೇ ಅವನ ತಲೆ ಕಾಣುತ್ತಿತ್ತು.

ಮೀನು ಕಡಿಮೆಯಾದಾಗ ಅಪ್ಪ ಸಂಡೂರಿನ ಕಡೆ ಮೈನ್ಸಿಗೆ, ಲಾರಿಗೆ ಅದಿರು ತುಂಬಲು ಹೋದ. ಎರಡು ಬೇಸಿಗೆ ಕಳೆದ ಮೇಲೆ, "ನಮಗ ನಮ್ಮ ಹೊಳೀನ ಸಾಕು" ಎಂದು ವಾಪಸ್ ಬಂದ.

ಬಂದ ವಾರದಲ್ಲೇ ಬಲೆ ಸಿಕ್ಕಿಕೊಂಡಿತು. ಹುಟ್ಟು ಹಿಡಿದು ಕೂತಿದ್ದ ಅವ್ವನ ಕಡೆ ನೋಡಿ ಅಪ್ಪ ನಗುತ್ತ ಮುಳುಗಿದ. ನಾನು ಮೂವತ್ತು ಎನ್ನುವಷ್ಟರಲ್ಲಿ ಮೇಲೆ ಬಂದು, ಹರಿಗೋಲಿಗೆ ಜೋತುಬಿದ್ದು ಕೆಮ್ಮಿದ. ನನ್ನ ಬಿಳಿ ಅಂಗಿಯ ಮೇಲೆ ಕೆಂಪು ಸಿಡಿಯಿತು.

"ಅವ್ವಾ, ರಕ್ತ!" ಎಂದು ಚೀರಿದೆ.

ಅವ್ವ ಅದನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಅಪ್ಪನ ಕಡೆ ತಿರುಗಿದಳು.

"ರಕ್ತ ಅಲ್ಲ, ಮಣ್ಣು. ಅದಿರಿನ ಧೂಳ ಇನ್ನೂ ನಿಮ್ಮ ಎದಿಯಾಗ ಐತಲ್ರಿ!"

"ಏನಿಲ್ಲ ಬಿಡು. ಹುಡುಗಿ ಎಣಿಸೋದು ತಪ್ಯಾಳ. ಇನ್ನೊಮ್ಮಿ ಮುಳುಗ್ತೀನಿ."

"ಬ್ಯಾಡ್ರಿ!"

ಬಲೆಯ ಒಂದು ಕಣ್ಣು ಹರಿದರೂ ಊಟ ಬಿಟ್ಟು ಕೂತು ಹೆಣೆಯುತ್ತಿದ್ದ ಅವ್ವ, ಕುಡುಗೋಲು ತೆಗೆದುಕೊಂಡು ಆ ಬಲೆಯನ್ನೇ ಕೊಯ್ದುಹಾಕಿದಳು. ಒಳಗೆ ಮೀನು ಒದ್ದಾಡುತ್ತಿದ್ದವು. ಅಪ್ಪ ಬಾಯಿ ತೆರೆದು ಏದುಸಿರು ಬಿಡುತ್ತಿದ್ದ.

ನನ್ನ ಎಣಿಕೆ ತಪ್ಪಿಲ್ಲವೆಂದು ತೋರಿಸಬೇಕಿತ್ತು. ಅವನ ಉಸಿರು ಹತೋಟಿಗೆ ಬರುವವರೆಗೆ ಒಂದರಿಂದ ಮತ್ತೆ ಎಣಿಸಿದೆ.

ನೂರು ದಾಟಿತು.