ಎಪ್ಪತ್ತೆರಡು ಪದಗಳ ಪುಸ್ತಕ

"ಎಪ್ಪತ್ತೆರಡು!" ಮಾತಿನ ಟೀಚರು ನೋಟ್‌ಪುಸ್ತಕದ ಕೊನೆಯ ಪುಟ ಮಗುಚಿ ಕನ್ನಡಕ ತೆಗೆದರು. "ಎರಡೇ ತಿಂಗಳಲ್ಲಿ ಎಪ್ಪತ್ತೆರಡು ಪದ! ಯಜಮಾನ್ರೇ, ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಮಾತು ಕಲಿಸ್ತಿದ್ದೀನಿ, ಇಂಥ ಅಜ್ಜನ್ನ ನೋಡಿಲ್ಲ."

ಮೈಕಜ್ಜನ ಎದೆ ಉಬ್ಬಿದ ರಭಸಕ್ಕೆ ಅಂಗಿಯ ಗುಂಡಿ ಸಿಡಿದು ಎದುರಿನ ಗೋಡೆಯ ಸುಣ್ಣ ಉದುರಿತು. ನಂಬದವರು ಹೋಗಿ ಗೋಡೆ ನೋಡಬಹುದು. ಗಾಡಿಗೆ ಮೈಕು ಕಟ್ಟಿಕೊಂಡು ಸರ್ಕಸ್ಸಿನಿಂದ ಹಿಡಿದು ಚಪ್ಪಲಿ ಮಾರಾಟದವರೆಗೆ ನಲವತ್ತು ವರ್ಷ ಕೂಗಿದ ಗಂಟಲು ಅವನದು. ಅವನು "ಇಂದೇ ಕೊನೆಯ ದಿನ" ಎಂದರೆ ಮೂರು ಊರಾಚೆ ಮಲಗಿದ್ದವರು ಎದ್ದು ಕೂರುತ್ತಿದ್ದರು. ಮೊಮ್ಮಗಳು ಹುಟ್ಟಿದ ದಿನ ಅವಳ ಅಳು ಕೇಳಿ, "ನನ್ನ ಗಂಟಲೇ ಕಣ್ರೋ!" ಎಂದು ಕುಣಿದಾಡಿ ಪಟಾಕಿ ಎಂದು ಕರೆದ. ಪಟಾಕಿಗೆ ಈಗ ಮೂರು ವರ್ಷ. ಬೆರಳು ತೋರಿಸುತ್ತಾಳೆ, ಅಜ್ಜನ ಅಂಗಿ ಜಗ್ಗುತ್ತಾಳೆ, ಬಾಯಿ ಮಾತ್ರ ಬಿಡುವುದಿಲ್ಲ. ಈಗಲೂ ಟೀಚರ ಕೋಣೆಯ ಚಾಪೆಯ ಮೇಲೆ ಕೂತು ಮರದ ತುಂಡುಗಳನ್ನು ಪೇರಿಸುತ್ತಿದ್ದಳು. ಗೋಪುರ ಬಿದ್ದರೂ ತುಟಿ ಪಿಟಕ್ಕೆನ್ನಲಿಲ್ಲ.

ಟೀಚರು ಕೊಟ್ಟಿದ್ದ ಮನೆಕೆಲಸ ಸುಲಭದ್ದು. ಚಿತ್ರ ತೋರಿಸಿ "ಇದೇನು?" ಎಂದು ಕೇಳಿ ಸುಮ್ಮನಿರಬೇಕು. ಹಾಡನ್ನು ಅರ್ಧಕ್ಕೆ ನಿಲ್ಲಿಸಿ ಮಿಕ್ಕಿದ್ದನ್ನು ಮಗುವಿಗೆ ಬಿಡಬೇಕು. ಒಂದು ಕೈಯಲ್ಲಿ ಹಾಲು, ಇನ್ನೊಂದರಲ್ಲಿ ಬಾಳೆಹಣ್ಣು ಹಿಡಿದು "ಯಾವುದು ಬೇಕು?" ಎಂದು ಕಾಯಬೇಕು. ಹೊಸ ಪದ ಏನಾದರೂ ಬಂದರೆ ಅದೇ ದಿನ ಪುಸ್ತಕದಲ್ಲಿ ಬರೆಯಬೇಕು. ಆದರೆ ಮೈಕಜ್ಜನಿಗೆ ಸುಮ್ಮನಿರುವುದೆಂದರೆ ಕೆಂಡದ ಮೇಲೆ ಕೂತ ಹಾಗೆ. "ಇದೇನು?" ಎಂದವನು ಉಸಿರೆಳೆಯುವ ಮೊದಲೇ "ಸಿಂಹ!" ಎಂದು ತಾನೇ ಹೇಳಿ, ಸಿಂಹಕ್ಕೂ ನಾಚಿಕೆಯಾಗುವಂತೆ ಗರ್ಜಿಸಿ, ಪಕ್ಕದ ಮನೆಯ ನಾಯಿಯನ್ನು ಮಂಚದ ಕೆಳಗೆ ಓಡಿಸುತ್ತಿದ್ದ. ಹಾಡೂ ಅವನದೇ, ಚಪ್ಪಾಳೆಯೂ ಅವನದೇ.

ಮೊದಲ ವಾರವೆಲ್ಲ ಪುಟ ಖಾಲಿ. ಅವನ ಮಗಳು, ಪಟಾಕಿಯ ಅಮ್ಮ, ದಿನವಿಡೀ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು, ಮಗು ಮಲಗಿದ ಮೇಲೆ ಬರುತ್ತಿದ್ದಳು. ಚಪ್ಪಲಿ ಕೂಡ ಬಿಡದೆ ಪುಸ್ತಕ ತೆರೆದು ನೋಡುತ್ತಿದ್ದಳು, ಮುಚ್ಚುತ್ತಿದ್ದಳು. ಆ ಮುಚ್ಚುವುದನ್ನು ನೋಡಲಾರದೆ ಎಂಟನೆಯ ದಿನ ಅವನು 'ಹಾಲು' ಎಂದು ಬರೆದ. ಮಗಳ ಮುಖ ಬೆಳಗಿದ ಪರಿಗೆ ಬೀದಿದೀಪಗಳೆಲ್ಲ ಮಂಕಾದವು. ಆಮೇಲೆ ಅವನ ಕೈ ನಿಲ್ಲಲಿಲ್ಲ. 'ಚೆಂಡು', 'ಬಾಗಿಲು', 'ವಿಮಾನ'. ಒಂದು ದಿನ ಹುಮ್ಮಸ್ಸು ಹೆಚ್ಚಾಗಿ 'ಮೊಸಳೆ'.

"ಇನ್ನು ಇವಳಿಗೆ ನಾನು ಬೇಕಿಲ್ಲ," ಎಂದರು ಟೀಚರು. "ನನ್ನ ಮುಂದೆ ಮಾತಾಡ್ದೆ ಇರೋದು ನಾಚಿಕೆ ಅಷ್ಟೆ, ಹೋಗುತ್ತೆ. ನಲವತ್ತು ಮಕ್ಕಳು ಕಾಯ್ತಿದ್ದಾರೆ, ಇವಳ ಜಾಗ ಅವರಲ್ಲೊಬ್ಬರಿಗೆ ಕೊಡ್ತೀನಿ. ಮತ್ತೆ ಬೇಕು ಅಂದ್ರೆ ಮಾತ್ರ ಎಂಟು ತಿಂಗಳು ಕಾಯ್ಬೇಕಾಗುತ್ತೆ, ಯೋಚನೆ ಮಾಡಿ."

"ಯೋಚನೆ ಏನು ಬಂತು ಟೀಚರ್?" ಪಕ್ಕದ ಕುರ್ಚಿಯಲ್ಲಿದ್ದ ಮಗಳು ನಕ್ಕಳು. "ನಮ್ಮಪ್ಪ ಕಲ್ಲನ್ನೂ ಮಾತಾಡಿಸ್ತಾರೆ. ಎದುರು ಮನೆಯವ್ರು 'ನಿಮ್ಮ ಪಟಾಕಿ ಒದ್ದೆ' ಅಂತ ಆಡ್ಕೋತಿದ್ರು, ಈಗ ಬಂದು ಕೇಳ್ಲಿ! ರಜೆ ದಿನ ನನ್ನ ಹತ್ರ ಮಾತ್ರ ಗಪ್‌ಚಿಪ್ಪು. 'ನಿನ್ನ ಕಂಡ್ರೂ ನಾಚಿಕೆ ಅವ್ಳಿಗೆ' ಅಂತಾರೆ ಅಪ್ಪ. ಇರ್ಲಿ, ಅವಸರ ಏನಿಲ್ಲ ನಂಗೆ."

ಪಾಠ ಮುಗಿಯಿತೆಂದು ಸಹಿ ಹಾಕಲು ಟೀಚರು ಪೆನ್ನಿನ ಮುಚ್ಚಳ ತೆಗೆದರು. ಎಂಟು ತಿಂಗಳು. ಮೈಕಜ್ಜ ಚಾಪೆಯ ಕಡೆ ನೋಡಿದ.

"ಸಹಿ ಹಾಕ್ಬೇಡಿ ಟೀಚರಮ್ಮಾ." ಮೂರು ಊರು ದಾಟುತ್ತಿದ್ದ ದನಿ ಮೇಜು ದಾಟಲು ಒದ್ದಾಡಿತು. "ಅದ್ರಲ್ಲಿರೋದು ಅವ್ಳು ಹೇಳಿದ್ದಲ್ಲ. ನಾನೇ ಬರ್ಕೊಂಡೆ."

ಮಗಳ ನಗು ಎಲ್ಲಿಗೆ ಹೋಗುವುದೆಂದು ತಿಳಿಯದೆ ಮುಖದ ಮೇಲೇ ನಿಂತುಬಿಟ್ಟಿತು. "ಎಷ್ಟಪ್ಪಾ?"

"ಬಹಳ."

ಟೀಚರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಪುಸ್ತಕ, ಪೆನ್ನು ಎರಡನ್ನೂ ಅವನ ಮುಂದೆ ಸರಿಸಿದರು. "ಸುಳ್ಳಾದದ್ದನ್ನೆಲ್ಲ ನೀವೇ ಹೊಡೆದು ಹಾಕಿ. ನಿಜವಾಗಿ ಹೇಳಿದ್ದು ಒಂದೇ ಒಂದಿದ್ರೂ ಸಾಕು, ಅಲ್ಲಿಂದ ಶುರು ಮಾಡ್ತೀನಿ."

ಅವನು ಹೊಡೆಯತೊಡಗಿದ. ವಿಮಾನ ಬಿತ್ತು. ಮೊಸಳೆ ಮುಳುಗಿತು. ಚೆಂಡು, ಬಾಗಿಲು, ಹಾಲು ಎಲ್ಲ ಹೋದವು. ಪುಟದ ಮೇಲೆ ಪುಟ ಹೊಡೆಯುತ್ತ ಬಂದ ಪೆನ್ನು ಕಡೆಗೆ ಒಂದು ಪದದ ಮೇಲೆ ತಡೆದು ನಿಂತಿತು. 'ಅಮ್ಮ'.

"ಅದು?" ಮಗಳು ಕುರ್ಚಿಯ ಅಂಚಿಗೆ ಸರಿದಳು. "ಅದು ನಿಜ ಅಲ್ವಾ ಅಪ್ಪಾ?"

ಅವನಿಗೆ ಆ ಬೆಳಿಗ್ಗೆ ನೆನಪಿತ್ತು. ಮಗಳು ಕೆಲಸಕ್ಕೆ ಹೊರಟು ಬೀದಿಯ ತಿರುವು ದಾಟುತ್ತಿದ್ದಳು. ಪಟಾಕಿ ಕಿಟಕಿಯ ಸರಳು ಹಿಡಿದು ಅತ್ತಲೇ ನೋಡುತ್ತಿದ್ದಳು. ತುಟಿ ಅಲುಗಿತ್ತು, ಅದನ್ನು ಅವನು ಕಣ್ಣಾರೆ ಕಂಡಿದ್ದ. ಮಗು ಅಳದಿರಲೆಂದು ಆ ಹೊತ್ತಿಗೆ ಅವನು ಆನೆಯಾಗಿದ್ದ.

"ನಾನು ಘೀಳಿಡ್ತಿದ್ದೆ ಕಣಮ್ಮಾ," ಎಂದ. "ಏನಂದ್ಳೋ, ಕೇಳಿಸ್ಲಿಲ್ಲ."

ಮಗಳು ಅವನ ಬೆರಳುಗಳ ನಡುವಿನಿಂದ ಪೆನ್ನು ಬಿಡಿಸಿಕೊಂಡಳು. ಆ ಪದವನ್ನು ಹೊಡೆದುಹಾಕುವ ಗೆರೆಯನ್ನು ತಾನೇ ಎಳೆದಳು.